ಒರತೆಯ ಇಳಿಜಾರು

ಉಚ್ಚಂಗೆವ್ವ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಗಂಟೆಯನ್ನು ಉಸುಕಿನ ಮೇಲಿಟ್ಟಳು. ಆಡಿನ ಮರಿಯ ಕೊರಳಿಗೆ ಕಟ್ಟುವಂಥದ್ದು. ಅದರ ದಾರ ಇನ್ನೂ ಹಸಿಯಾಗಿತ್ತು.

"ಮ್ಯಾಲಿನ ದಂಡಿಗೆ ಯಾರೋ ವರ್ತಿ ತೋಡಿ ಬಿಟ್ಟು ಹೋಗ್ಯಾರ," ಎಂದಳು. "ಬಾವಿಗತೆ ನೆಟ್ಟಗ ತೋಡ್ಯಾರ. ನಿನ್ನೆ ನೀರ ಕುಡಿಯಾಕ ಬಗ್ಗಿ ಮರಿ ಒಳಗ ಬಿತ್ತು. ಹತ್ತಿ ಬರಾಕ ಆಗಲಿಲ್ಲ ಅದಕ್ಕ."

ರಾಣೆಬೆನ್ನೂರಿನಿಂದ ಬಂದ ಏಳು ಮಂದಿ ಗಂಟೆಯ ಸುತ್ತ ಬಂದು ಕುಳಿತರು. ಪ್ರತಿ ರವಿವಾರ ಐರಣಿಯ ಹೊಳೆದಂಡೆಗೆ ಬಂದು, ಅಲ್ಲಿ ಆಡು ಕಾಯುವ ಈ ಮುದುಕಿಯ ಹತ್ತಿರ ಅವರು ಕಲಿಯುತ್ತಿದ್ದರು: ತಿನ್ನುವ ಸೊಪ್ಪು ಯಾವುದು, ಕಡ್ಡಿಪೆಟ್ಟಿಗೆ ಇಲ್ಲದೆ ಬೆಂಕಿ ಹೊತ್ತಿಸುವುದು ಹೇಗೆ, ಬತ್ತಿದ ಹೊಳೆಯ ಉಸುಕು ತೋಡಿ ವರ್ತಿ, ಅಂದರೆ ಒರತೆ ನೀರು, ತೆಗೆಯುವುದು ಹೇಗೆ. ಮನೆ ಬಾಗಿಲಿಗೇ ತರಕಾರಿ ಬರುವವರಿಗೆ ಇದೆಂಥ ಹುಚ್ಚು ಎಂದು ಊರಿನವರು ನಕ್ಕಿದ್ದುಂಟು. ನಗಲಿ ಬಿಡಿ. ಒಂದೇ ಓಣಿಯಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರದ ಈ ಜನ ಈಗ ಒಂದೇ ಗಡಿಗೆಯಲ್ಲಿ ಬೇಯಿಸಿ ಉಣ್ಣುತ್ತಿದ್ದರು. ಅವರಲ್ಲೊಬ್ಬಳಾದ ಪದ್ಮಜಾ, ಗಂಡ ತೀರಿದ ಮೇಲೆ, ಬಾಯಿ ತುಂಬ ಮಾತಾಡಿದ್ದು, ಹೊಟ್ಟೆ ತುಂಬ ಉಂಡದ್ದು ಇಲ್ಲಿಯೇ.

"ಉಸುಕಿನ ಲಾರಿಯವ್ರದ್ದ ಕೆಲಸ ಇದು," ಎಂದರು ಅಣ್ಣಾಜಿ, ನಿವೃತ್ತ ಪೋಸ್ಟ್‌ಮಾಸ್ತರರು. "ಅವ್ರಿಗೆ ಕರುಣಾ ಅನ್ನೂದು ಎಲ್ಲಿಂದ ಬರಬೇಕ್ರಿ." ಎಲ್ಲರೂ ಹೌದೆಂದರು.

ಆ ಒರತೆ ತೋಡಿದವಳು ಪದ್ಮಜಾ. ಗುರುವಾರ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ರವಿವಾರ ಎಲ್ಲರೆದುರು ತಾನೇ ನೀರು ತೆಗೆದು ತೋರಿಸಬೇಕೆಂಬ ಹುರುಪು. ಅರವತ್ತೆರಡರ ಹೆಂಗಸಿಗೆ ಬೇಕಿತ್ತೇ ಈ ಉಸಾಬರಿ? ನೀರು ಬಂದಾಗ ಕುಣಿಯುವಷ್ಟು ಖುಷಿಯಾಗಿತ್ತು. ಒಂದು ಬದಿಗೆ ಇಳಿಜಾರು ಬಿಡಬೇಕೆಂದು ಮುದುಕಿ ಮೂರು ಸಲ ಹೇಳಿದ್ದು ನೆನಪಿತ್ತು. ಆದರೆ ನಾಲ್ಕರ ಬಸ್ಸಿಗೆ ಹೊತ್ತಾಗಿತ್ತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹೇಳಿದರೆ ಈ ಗಡಿಗೆ, ಈ ಮಂದಿ, ಈ ರವಿವಾರ ಎಲ್ಲ ಇವತ್ತಿಗೇ ಮುಗಿಯಬಹುದು.

"ಯವ್ವಾ, ಲಾರಿಯವ್ರಲ್ಲ," ಎಂದಳು. "ತೋಡಿದಾಕಿ ನಾನು. ಇಳಿಜಾರ ಬಿಡಲಿಲ್ಲ."

ಅಣ್ಣಾಜಿ ಬೇರೆ ಕಡೆ ನೋಡಿದರು. ಉಚ್ಚಂಗೆವ್ವ ಪದ್ಮಜಾಳ ಕಡೆ ತಿರುಗಿದಳು.

"ಹೇಳಿದ್ದಿಲ್ಲೇನು ನಿನಗ?"

"ಹೇಳಿದ್ರಿ."

"ಹಂಗಾರ ಏಳು ತಂಗಿ. ವರ್ತಿ ಇನ್ನೂ ಹಂಗ ಐತಿ. ಇನ್ನೊಂದು ಬೀಳೂದ್ರೊಳಗ ಸರಿ ಮಾಡು."

ಪದ್ಮಜಾ ಗಂಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಹೊಂಡದ ಅಂಚಿನಲ್ಲಿ ಮಂಡಿಯೂರಿ ಕೈಯಿಂದಲೇ ಕೆರೆದಳು. ಕೆರೆದಷ್ಟೂ ಉಸುಕು ಕುಸಿಯುತ್ತಿತ್ತು. ಉಗುರು ಕಿತ್ತು ರಕ್ತ ಬಂತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೆರಡು ಕೈ ಕಂಡವು, ಅಣ್ಣಾಜಿಯವು. ಆಮೇಲೆ ಉಳಿದವರೂ ಬಂದರು. ಯಾರೂ ಅವಳಿಗೆ ಸಮಾಧಾನ ಹೇಳಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಳಿಜಾರು ನೀರಿನ ತನಕ ಮುಟ್ಟಿತು. ಉಚ್ಚಂಗೆವ್ವ ಎಲ್ಲರನ್ನೂ ಹಿಂದೆ ಸರಿಸಿ ಆಡುಗಳನ್ನು ಬಿಟ್ಟಳು. ಮೊದಲು ಇಳಿದದ್ದು ಕೆಚ್ಚಲು ಬಿಗಿದಿದ್ದ ಒಂದು ಕರಿಯ ಆಡು. ಮರಿಯ ತಾಯಿ ಅದೇ ಎಂದು ಯಾರೂ ಹೇಳಬೇಕಿರಲಿಲ್ಲ. ಅದು ಹೊಂಡದ ಸುತ್ತ ಮೂಸಿತು, ಒಮ್ಮೆ ಕೂಗಿತು, ಆಮೇಲೆ ಕುಡಿಯತೊಡಗಿತು.

ಪದ್ಮಜಾ ಸೊಂಟದ ಗಂಟೆಯನ್ನು ತೆಗೆದು, ಸದ್ದು ತಾಯಿ ಆಡಿಗೆ ಕೇಳದಂತೆ ಅದರ ನಾಲಗೆಯನ್ನು ಬೆರಳಿನಿಂದ ಒತ್ತಿಹಿಡಿದು, ಆಡು ಕುಡಿದು ಮುಗಿಸುವ ತನಕ ಅಲುಗಾಡದೆ ನಿಂತಳು.