ಒಳಗೆ ಬಂದ ಒಂದೇ ಕಾರು

ಹತ್ತು ತಂಡಗಳ ಕಾರ್ ರೇಸ್ ಕೂಟದಲ್ಲಿ ಮೇಸ್ತ್ರಿಯದು ಹತ್ತನೇ ತಂಡ. ಎಂಜಿನ್ ಬಿಚ್ಚಿ ಜೋಡಿಸುತ್ತಲೇ ಮೇಲೆ ಬಂದವನಾದ್ದರಿಂದ, ಮಾಲೀಕನಾಗಿ ಹನ್ನೊಂದು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಕಾರು ಓಡಿಸುತ್ತಿದ್ದವಳು ಮಗಳು. ಒಂಬತ್ತನೇ ತಂಡ ಅವನ ಭಾಮೈದನದು, ಹೆಂಡತಿಯ ಒಬ್ಬನೇ ತಮ್ಮ.

ಟಿವಿಯವರು ಕೊಡುವ ಹಣವೇ ಎಲ್ಲರಿಗೂ ಆಧಾರ. ಅದರಲ್ಲಿ ಮುಕ್ಕಾಲು ಭಾಗವನ್ನು ಮೊದಲ ಮೂರು ತಂಡಗಳೇ ಎತ್ತಿಕೊಳ್ಳುತ್ತಿದ್ದವು. ಗೆದ್ದದ್ದಕ್ಕೊಂದು ಪಾಲು, ಹಳಬರು ಅನ್ನುವುದಕ್ಕೊಂದು ಪಾಲು, ಹೆಸರಿದೆ ಅನ್ನುವುದಕ್ಕೆ ಇನ್ನೊಂದು. ಮೇಸ್ತ್ರಿಯ ಕೈಗೆ ಬರುತ್ತಿದ್ದದ್ದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಟೈರಿಗೇ ಸಾಲುತ್ತಿರಲಿಲ್ಲ.

ಸಭೆಯಲ್ಲಿ ಎದ್ದು ನಿಂತು ಕೇಳಿದ್ದ: "ಗೆದ್ದವರಿಗೆ ಹೆಚ್ಚು ಕೊಡಿ, ಬೇಡ ಅಂದವರು ಯಾರು? ಆದ್ರೆ ಅರ್ಧ ಹಣನಾದ್ರೂ ಹತ್ತು ಜನಕ್ಕೂ ಸಮ ಹಂಚಿ. ಮೂರೇ ಕಾರು ಗಿರಗಿರ ಸುತ್ತಿದ್ರೆ ನೋಡೋಕೆ ಯಾರು ಬರ್ತಾರೆ?"

"ಮೇಸ್ತ್ರೀ, ಮೊದಲು ಒಂಬತ್ತನೇ ಸ್ಥಾನಕ್ಕೆ ಬನ್ನಿ, ಆಮೇಲೆ ಮಾತಾಡೋಣ," ಎಂದ ಕಾರ್ಯದರ್ಶಿ. ಎಲ್ಲರೂ ನಕ್ಕರು.

ಆ ವಾರವೇ ಏಳು ಸಣ್ಣ ತಂಡಗಳ ಮಾಲೀಕರು ಮೇಸ್ತ್ರಿಯ ಶೆಡ್ಡಿನಲ್ಲಿ ಹಳೇ ಟೈರುಗಳ ಮೇಲೆ ಕೂತು ಮಾತು ಕೊಟ್ಟುಕೊಂಡರು. ವರ್ಷದ ಕೊನೆಯ ರೇಸಿನಲ್ಲಿ, ಮೊದಲ ಸುತ್ತು ಮುಗಿಯುತ್ತಿದ್ದಂತೆ ಏಳೂ ಕಾರುಗಳು ಗ್ಯಾರೇಜಿಗೆ ವಾಪಸು. ಬೇಕಾದರೆ ಆ ಮೂವರೇ ಓಡಿಕೊಳ್ಳಲಿ.

"ನಿಮ್ಮ ಕಾರು ತಿರುಗಿದ್ದೇ ತಡ ಭಾವ, ನಂದೂ ತಿರುಗುತ್ತೆ," ಎಂದಿದ್ದ ಭಾಮೈದ.

ವಿಧಿಯಾಟವೋ ಏನೋ, ಮಗಳು ಅವತ್ತು ಏಳನೆಯವಳಾಗಿ ಹೊರಟಳು. ಹಿಂದೆಂದೂ ಅಷ್ಟು ಮುಂದಿನಿಂದ ಹೊರಟವಳಲ್ಲ. ಅವಳ ಬೆನ್ನಿಗೇ ಭಾಮೈದನ ನೀಲಿ ಕಾರು. ಸುತ್ತು ಮುಗಿಯುವ ಹೊತ್ತಿಗೆ ರೇಡಿಯೋದಲ್ಲಿ ಅವಳ ದನಿ ಮೇಸ್ತ್ರಿಯ ಕಿವಿಗೆ ಬಿತ್ತು.

"ಅಪ್ಪಾ, ಮುಂದಿರೋ ನಮ್ಮೋರು ಯಾರೂ ತಿರುಗಲಿಲ್ಲ. ಏನ್ ಮಾಡ್ಲಿ?"

ಯೋಚಿಸಲು ಉಸಿರೆಳೆಯುವಷ್ಟೂ ಸಮಯವಿರಲಿಲ್ಲ. ಹಿಂದಿನವರಾದರೂ ಬರುತ್ತಾರೆ ಅಂದುಕೊಂಡ. "ಮಾತು ಕೊಟ್ಟಿದ್ದೀವಿ. ಬಾರಮ್ಮ."

ಅವಳು ಬಂದಳು. ನೀಲಿ ಕಾರು ಸೀದಾ ಹೋಯಿತು. ಅದರ ಹಿಂದಿನ ಎರಡೂ ಹೋದವು.

ಇನ್ನೂ ಐವತ್ತು ಸುತ್ತು ಬಾಕಿ. ಮಗಳು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಪ್ರತಿ ಸುತ್ತಿಗೂ ಒಂಬತ್ತು ಕಾರುಗಳು ಗೋಡೆಯಾಚೆ ಕಿರುಚಿಕೊಂಡು ಹೋಗುತ್ತಿದ್ದವು. ಮೇಸ್ತ್ರಿ ಅವಳ ಮುಖ ನೋಡಲಾಗದೆ, ಬಿಸಿ ಟೈರುಗಳನ್ನು ಸುಮ್ಮನೆ ಒರೆಸುತ್ತ ನಿಂತ.

ಸಂಜೆ ಭಾಮೈದ ಬಂದು ಬಾಗಿಲಲ್ಲೇ ನಿಂತ. "ಭಾವ, ಸ್ಪಾನ್ಸರ್ ಬೆಳಿಗ್ಗೆ ಫೋನ್ ಮಾಡಿ ಹೆದರಿಸಿಬಿಟ್ಟ. ಉಳಿದವರಿಗೂ ಹಾಗೇ ಆಗಿದೆ. ಮೂವತ್ತು ಜನರ ಹೊಟ್ಟೆಪಾಡು..."

"ಬೆಳಿಗ್ಗೆನೇ ಗೊತ್ತಿತ್ತಾ?"

"ಹೂಂ."

"ನನಗೆ ಒಂದು ಮಾತು ಹೇಳಬಾರದಿತ್ತೇನೋ? ಅವಳು ಏಳನೆಯವಳಾಗಿ ಓಡ್ತಿದ್ಲು."

ಭಾಮೈದ ಬಾಗಿಲಿಂದಲೇ ವಾಪಸು ಹೋದ.

ರೇಸ್ ಬಿಟ್ಟುಬಂದದ್ದಕ್ಕೆ ಕೂಟದವರು ಮೇಸ್ತ್ರಿಯ ತಂಡವನ್ನೇ ತೆಗೆದುಹಾಕಿದರು. ಆದರೆ ಗ್ಯಾರೇಜಿನಲ್ಲಿ ಒಂಟಿಯಾಗಿ ನಿಂತ ಕಾರನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದ್ದರಿಂದ, ಯಾಕೆ, ಏನು ಎಂದು ಜನ ಕೇಳತೊಡಗಿದರು. ನಾಲ್ಕು ತಿಂಗಳಲ್ಲಿ ನಿಯಮ ಬದಲಾಯಿತು. ಅರ್ಧ ಅಲ್ಲದಿದ್ದರೂ ಮೂರರಲ್ಲೊಂದು ಭಾಗ ಎಲ್ಲರಿಗೂ ಸಮ. ಎಲ್ಲರಿಗೂ ಅಂದರೆ ಒಂಬತ್ತು ಜನಕ್ಕೆ.

ಭಾಮೈದ ಫೋನ್ ಮಾಡಿದ. "ಎಲ್ಲ ನಿಮ್ಮಿಂದಾನೇ ಭಾವ. ಮಗಳನ್ನ ನನ್ನ ಕಾರಿಗೆ ಕಳಿಸಿಕೊಡಿ, ನಿಮ್ಮ ದಮ್ಮಯ್ಯ."

ಅವಳು ಒಲ್ಲೆ ಅಂದಳು. ಹಟ ಹಿಡಿದು ಕಳಿಸಿದವನು ಮೇಸ್ತ್ರಿಯೇ. "ಮುನಿಸು ನಂದು. ನಿನ್ನ ಕೈಕಾಲು ಯಾಕೆ ಕಟ್ಟಲಿ?"

ಹೊಸ ವರ್ಷದ ಮೊದಲ ರೇಸಿಗೆ ಹೆಂಡತಿ ತಮ್ಮನ ಮನೆಯವರ ಜೊತೆ ಹೊರಟಳು. ಬಾಗಿಲಲ್ಲಿ ನಿಂತು "ನೀವೂ ಬನ್ನಿ" ಎಂದು ಎರಡು ಸಲ ಕರೆದಳು. ಅವನಿಗೆ ಕಾಲು ಏಳಲಿಲ್ಲ. ಶೆಡ್ಡಿನಲ್ಲಿ ಈಗ ಊರವರ ಕಾರುಗಳ ರಿಪೇರಿ. ಒಬ್ಬ ಡಾಕ್ಟರರ ಕಾರಿನ ಬ್ರೇಕ್ ಬಿಚ್ಚಿಟ್ಟು, ಸ್ಟೂಲಿನ ಮೇಲೆ ಕೂತು ಟಿವಿ ನೋಡಿದ. ಮಗಳು ಐದನೆಯವಳಾಗಿ ಬಂದಳು. ನೀಲಿ ಕಾರಿನ ಸುತ್ತ ಎಲ್ಲರೂ ಕುಣಿಯುತ್ತಿದ್ದರು. ಗುಂಪಿನಲ್ಲಿ ಹೆಂಡತಿಯ ಸೆರಗು ಒಂದು ಗಳಿಗೆ ಕಂಡಿತು.

ಫೋನ್ ಮಾಡಿದ. ಆ ಗದ್ದಲದಲ್ಲಿ ಹೆಂಡತಿಗೆ ಕೇಳಿಸಿರಲಿಕ್ಕಿಲ್ಲ, ಎತ್ತಲಿಲ್ಲ. ಟಿವಿ ಆರಿಸಿ, ಅವನು ಮತ್ತೆ ಕಾರಿನ ಅಡಿಗೆ ತೂರಿಕೊಂಡ.