ಸೋಮವಾರ ಬಾ

ಪೆನ್ನಿನ ಕ್ಯಾಪು ಕಟಕಟ ಎನ್ನುತ್ತಿದೆ, ಅದೇ ಹಳೇ ಚಾಳಿ, ಎದುರಿನ ಕುರ್ಚಿಯಲ್ಲಿ ಹೆಂಡತಿಯ ತಮ್ಮ, ವಿಮೆ ಏಜೆಂಟಾಗಿ ಊರಿಗೆಲ್ಲ ಟೋಪಿ ಹಾಕಿ ಈಗ ತಾನೂ ನಿವೃತ್ತ, ಕೂದಲಿನ ಬಣ್ಣ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ — ಬಾ ಮಹರಾಯ, ಬಾ, ಎಂದು ಮೇಜಿನ ಈಚೆ ಕೂತ ಭಾವನ ಮನಸ್ಸು ಬಾಯಿ ಚಪ್ಪರಿಸಿತು, ನಿವೃತ್ತರಿಗೆ ಸರ್ಕಾರಿ ಆರೋಗ್ಯ ವಿಮೆ ಬಿಡಿಸಿ ಹೇಳುವ ಈ ಮೇಜಿನ ಬಿಟ್ಟಿ ಚಾಕರಿ ಹಿಡಿದದ್ದು ಸಮಾಜಸೇವೆಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ಇವನು ಒಂದು ದಿನ ಬಂದೇ ಬರುತ್ತಾನೆಂದು ಕಾದು ಕೂತದ್ದು ತನಗೊಬ್ಬನಿಗೆ ಗೊತ್ತು. ಭಾವ, ಇವಳಿಗೆ ಎದೆ ಸರಿಯಿಲ್ಲ, ನಮ್ಮ ಕಂಪನಿಯವ್ರೇ ಹಳೇ ಕಾಯಿಲೆ ಅಂತ ಕೈ ಎತ್ತಿಬಿಟ್ರು, ಸರ್ಕಾರಿದಕ್ಕೆ ಸೇರಿಸ್ಬಹುದಾ — ಓಹೋ, ಕೈ ಎತ್ತಿದರೇ, ಸೇರಿಸಬಹುದು, ಹಳೇ ಕಾಯಿಲೆಗೂ ಅದು ಬರುತ್ತದೆ, ಇವನ ಅಕ್ಕನಿಗೂ ಬರುತ್ತಿತ್ತು.

ತಾನು ನಿವೃತ್ತನಾದ ವರ್ಷ, ಅವಳು ಅಡುಗೆಮನೆ ಬಾಗಿಲಲ್ಲಿ ಕೆಮ್ಮುತ್ತ ನಿಂತಿದ್ದಾಳೆ, ಇವನು ಸೋಫಾದಲ್ಲಿ ಇದೇ ಕಟಕಟ, ಸರ್ಕಾರಿದು ಯಾಕೆ ಭಾವ, ಕ್ಯೂನಲ್ಲಿ ನಿಂತು ಸಾಯ್ತೀರಾ, ನಮ್ಮ ಪಾಲಿಸಿ ತಗೊಳ್ಳಿ, ಅದು ಬೇಕಾದ್ರೆ ಆಮೇಲೆ ಸೇರಿದ್ರಾಯ್ತು, ಅವಸರ ಏನಿಲ್ಲ — ಅವಸರ ಏನಿಲ್ಲವಂತೆ, ಸರ್ಕಾರಿ ವಿಮೆಗೆ ಸೇರಲು ವರ್ಷಕ್ಕೊಮ್ಮೆ ತೆರೆಯುವ ಬಾಗಿಲು ಅಷ್ಟರಲ್ಲಿ ಮುಚ್ಚಿತ್ತು, ಇವನ ಕಂಪನಿ ಕೆಮ್ಮು ಹಳೇದೆಂದು ಜಾರಿಕೊಂಡಿತು, ಅವಳು ಬಸ್ಸಿನಲ್ಲಿ ಎಕ್ಸ್-ರೇ ಕವರನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಮಡಚಿದ್ರೆ ಡಾಕ್ಟರು ಬೈತಾರೆ ರೀ, ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಸೇರಿಸಲು ಅವಳೇ ಇರಲಿಲ್ಲ.

ಆ ಬಾಗಿಲು ಇವತ್ತು ಮುಚ್ಚುತ್ತದೆ. ಅರ್ಜಿ ತಗೊಳ್ಳುವ ಎದುರು ಕೌಂಟರಿನ ಹುಡುಗಿ ಆಗಲೇ ಚೀಲ ತುಂಬಿಕೊಳ್ಳುತ್ತಿದ್ದಾಳೆ, ಕಡೇ ದಿನ ಇವತ್ತೇ ಎಂಬ ನೋಟೀಸು ಇವನ ತಲೆಯ ಹಿಂದಿನ ಗಾಜಿನ ಮೇಲೇ ಇದೆ, ಜನರಿಂದ ಓದಿಸದೆ ಸಹಿ ಹಾಕಿಸಿದವನು ತಾನೂ ಓದುವವನಲ್ಲ, ಓಡು ಅಂದರೆ ಸಾಕು, ಓಡುತ್ತಾನೆ, ಮಾತು ನಾಲಿಗೆಯ ತುದಿಯಲ್ಲೇ ಇದೆ, ಇರಲಿ ಅಲ್ಲೇ. ಇವತ್ತೇ ಆಗ್ಬೇಕಾ ಭಾವ?

ಅವಸರ ಏನಿಲ್ಲ, ಅಂದ. ಸೋಮವಾರ ಬಾ.

ಆಹಾ, ಎಷ್ಟು ವರ್ಷದ ಹಸಿವು, ಹೊಟ್ಟೆ ತಣ್ಣಗಾಯಿತು. ನೀವಿದ್ದೀರಲ್ಲ, ಅದೇ ಧೈರ್ಯ, ಎನ್ನುತ್ತ ಮೈದುನ ಎದ್ದ, ಹೋಗಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಇವನೂ ಒಬ್ಬನೇ ಅಳಲಿ — ಬಾಗಿಲು ತೆರೆಯಿತು, ಹೊರಗಿನ ಬೆಂಚಿನಿಂದ ಇವನ ಹೆಂಡತಿ ಎದ್ದಳು, ಕೊನೆಯ ದಿನಗಳಲ್ಲಿ ಅತ್ತಿಗೆಯ ಪಕ್ಕ ಕೂತು ಸಿಕ್ಕು ಬಿಡಿಸಿ ತಲೆ ಬಾಚಿದವಳು, ಇವಳನ್ನು ಹೇಗೆ ಮರೆತೆ, ಇವಳಿಗೆ ಎದೆ ಸರಿಯಿಲ್ಲ ಅಂದನಲ್ಲ, ಕಿವಿಗೇ ಬೀಳಲಿಲ್ಲವೇ, ಒಂದು ಸಲ ಕೆಮ್ಮಿದಳು, ಗಾಜಿನಾಚೆಯಿಂದ ಕೈಮುಗಿಯಲು ನೋಡಿದಳು, ಆಗಲಿಲ್ಲ, ಕೈ ಖಾಲಿಯಿಲ್ಲ, ಕೌಂಟರಿನ ಷಟರು ಕಿರ್ರೆಂದು ಇಳಿಯುತ್ತಿದೆ, ಕರೆಯಬೇಕು, ಈಗಲೇ ಕರೆಯಬೇಕು, ಎಕ್ಸ್-ರೇ ಕವರು, ಎರಡೂ ಕೈಯಲ್ಲಿ, ಎದೆಗೆ, ಮಡಚದಂತೆ —