ಹಳೆ ಮಾಲು

ಚಹಾದ ಲೋಟ ಎತ್ತಿಕೊಂಡ ಜಾಗದಲ್ಲಿ ಸ್ಟೂಲಿನ ಮೇಲೆ ಒಂದು ಒದ್ದೆ ಉಂಗುರ, ನೋಡುತ್ತಿದ್ದಂತೆ ಒಂದು ಬದಿಯಿಂದ ಆರುತ್ತಿದೆ, ಫ್ಯಾನಿನ ಗಾಳಿಗಿರಬೇಕು, ಇಲ್ಲ ಗದ್ವಾಲದ ಆಸ್ಪತ್ರೆಯ ಈ ಮಧ್ಯಾಹ್ನದ ಬಿಸಿಲಿಗಿರಬೇಕು, ಬಿಸಿಲು ಕಿಟಕಿಯಿಂದ ನೇರ ನವನೀತಾಳ ಕಾಲ ಮೇಲೆ ಬೀಳುತ್ತಿದೆ, ಸರಿಸಿ ಮಲಗಿಸಲೇ, ಬೇಡ, ಸೂಜಿ ಚುಚ್ಚಿದ ಕೈ ಅಲುಗಿದರೆ ಮತ್ತೆ ಅಳುತ್ತಾಳೆ, ಮಲಗಲಿ ನನ್ನ ಮಗಳು, ಏಳುವಷ್ಟರಲ್ಲಿ ಜ್ವರ ಇಳಿದಿರುತ್ತದೆ, ಇಳಿದೇ ಇಳಿಯುತ್ತದೆ, ಉಂಗುರವನ್ನು ನಾನು ಕಣ್ಣಾರೆ ನೋಡಿದ್ದೇನೆ — ಚಹಾದ್ದಲ್ಲ, ಡಾಕ್ಟರ್ ಸ್ರವಂತಿ ತಮ್ಮ ಮೊಬೈಲಿನಲ್ಲಿ ತೋರಿಸಿದ್ದು, ದುಂಡನೆಯ ಗಾಜಿನ ತಟ್ಟೆ, ನವನೀತಾಳ ಮೂತ್ರದಿಂದ ತೆಗೆದ ರೋಗಾಣು ಅದರ ತುಂಬ ಕೆನೆಗಟ್ಟಿದೆ, ನಡುನಡುವೆ ಬಿಳಿ ಕಾಗದದ ಬೊಟ್ಟುಗಳು, ಒಂದೊಂದು ಬೊಟ್ಟಿನಲ್ಲಿ ಒಂದೊಂದು ಔಷಧ, ಔಷಧಕ್ಕೆ ಕಸುವಿದ್ದರೆ ರೋಗಾಣು ಹತ್ತಿರ ಬರುವುದಿಲ್ಲ, ಸುತ್ತ ಖಾಲಿ ಉಂಗುರ ಉಳಿಯುತ್ತದೆ, ಆದರೆ ಕೆನೆ ಬೊಟ್ಟು ಬೊಟ್ಟಿಗೂ ಬಂದು ತಾಗಿದೆ, ಚೂಡಂಡಿ ಕಾಂತೇಶ್‌ಗಾರು, ನೋಡಿ, ಇಷ್ಟು ದಿನ ನಾವು ಕೊಟ್ಟದ್ದು ಇದು, ಅದಕ್ಕಿಂತ ಜೋರಿನದು ಇದು, ಯಾವುದೂ ಪನಿ ಚೇಯಲೇದು, ಕೆಲಸ ಮಾಡಲಿಲ್ಲ, ಎಂದು ಡಾಕ್ಟರಮ್ಮ ಬೆರಳಿಟ್ಟು ತೋರಿಸುತ್ತಿದ್ದರೆ ನನ್ನ ಕಣ್ಣು ಆಗಲೇ ತಟ್ಟೆಯ ಅಂಚಿನ ಒಂದು ಬೊಟ್ಟಿನ ಮೇಲೆ, ಅದರ ಸುತ್ತ ಒಂದು ಉಂಗುರ, ಒರೆಸಿಟ್ಟಷ್ಟು ಸ್ವಚ್ಛ. ಅದು ಯಾವುದು ಮೇಡಂ ಎಂದೆ. ಹಳೆಯ ಔಷಧ, ಕಿವಿ ಕಿಡ್ನಿ ಎರಡರ ಮೇಲೂ ಕಣ್ಣಿಟ್ಟು ಕೊಡಬೇಕು, ಹಾಗಾಗಿ ಈಚೆಗೆ ಇದನ್ನು ಬಳಸುವವರು ಕಡಿಮೆ, ಬಳಸದ್ದಕ್ಕೇ ಅದರ ಕಸುವು ಉಳಿದಿದೆ ಎಂದರು, ಮತ್ತೆ, ನಿಮ್ಮ ಹುಡುಗಿಗೆ ಹುಟ್ಟಿನಿಂದಲೇ ಮೂತ್ರ ಹಿಂದಕ್ಕೆ ಹೋಗುವ ತೊಂದರೆ ಇದೆ, ಈ ಜ್ವರ ಮುಂದೆಯೂ ಬರಬಹುದು, ಆಗಲೂ ಇದೇ ಬೇಕಾಗುತ್ತದೆ ಎಂದರು. ಹಾಕ್ರಿ ಮೇಡಂ, ಅಂದೆ, ಯೋಚನೆ ಮಾಡಲೇ ಇಲ್ಲ.

ಯೋಚಿಸುವುದೇನಿತ್ತು, ನನ್ನ ಜಾಗದಲ್ಲಿ ಬೇರೆಯವನಿದ್ದರೆ ಕೈಕಾಲು ಬಿಡುತ್ತಿದ್ದ, ನರೇಂದ್ರನ ಮಾತು ಕೇಳುತ್ತಿದ್ದ, ನನ್ನ ಹೆಂಡತಿ ವಿಜಯಶ್ರೀಯ ತಮ್ಮ, ರಾಯಚೂರಿನಿಂದ ಬೆಳಿಗ್ಗೆಯಿಂದ ಫೋನೇ ಫೋನು, ಮಾಮಾ, ಕಾರು ಕಳಸ್ತೀನಿ, ಇಲ್ಲಿಗೆ ಕರಕೊಂಡು ಬರ್ರಿ, ಇಲ್ಲಿ ದೊಡ್ಡ ಸೂಜಿ ಹಾಕ್ತಾರ, ಅಲ್ಲೇನು ಹಳೆ ಮಾಲು ಚುಚ್ಚಿಸಿಕೊಂತ ಕುಂತೀರಿ. ಹಳೆ ಮಾಲಿನ ವಿಷಯ ನನಗೇ ಹೇಳಿಕೊಡುತ್ತಾನೆ, ಮಕ್ತಲ್‌ನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕ ಮಾರಿಯೇ ತಲೆ ಬೆಳ್ಳಗಾದವನಿಗೆ, ಅಂಗಡಿಯ ಮೇಲಿನ ಅಂತಸ್ತು ಎದ್ದದ್ದೇ ಹತ್ತಿಯ ಹುಳಗಳ ಪುಣ್ಯದಿಂದ, ನಾರ್ವ ಊರಿನ ರೈತ ಬಾಲಯ್ಯ ಪ್ರತಿ ವರ್ಷ ಬಂದು ಕಟ್ಟೆಗೆ ಒರಗಿ, ಸಾವಕಾರ್ರೆ, ಹೋದ ವರ್ಷದ ಹುಳದ ಎಣ್ಣಿ ನೀರಾತು, ಹುಳ ಅದನ್ನ ಕುಡದು ಸೊಕ್ಕ್ಯಾವ, ಹೊಸಾದು ಕೊಡ್ರಿ, ಅಂದಾಗ ನಾನು ಹೊಸದು ಕೊಟ್ಟೆ, ಅದಕ್ಕೂ ಹೊಸದು ಕೊಟ್ಟೆ, ಕೊನೆಗೊಂದು ವರ್ಷ ಯಾವ ಹೊಸದಕ್ಕೂ ಗುಲಾಬಿ ಹುಳ ಜಗ್ಗಲಿಲ್ಲ, ಆಗ ಕೆಳಗಿನ ಖಾನೆಯಿಂದ ಧೂಳು ಹಿಡಿದ ಡಬ್ಬಿ ಎಳೆದು ಒರೆಸಿ ಕೊಟ್ಟವನು ನಾನೇ, ಇದನ್ನ ಹೊಡಿ ಬಾಲಯ್ಯ, ನಿನ್ನ ಹುಳದ ಅಜ್ಜ ನೋಡಿದ್ದು ಇದನ್ನ, ಮೊಮ್ಮಕ್ಕಳಿಗೆ ಇದರ ಹೆಸರೂ ಗೊತ್ತಿಲ್ಲ, ಎಂದೆ, ವಾರದಲ್ಲಿ ಅವನ ಹೊಲ ಚೊಕ್ಕವಾಯಿತು, ಬಾಲಯ್ಯ ನನಗೆ ಪೇಟ ಸುತ್ತುವುದೊಂದು ಬಾಕಿ. ಅದಕ್ಕೇ ಹೇಳಿದ್ದು ವಿಜಯಶ್ರೀಗೆ, ನೀನು ಸುಮ್ಮನಿರು, ಇದು ಹತ್ತುತ್ತದೆ ಎಂದು, ಅವಳು ಸೆರಗಿನಿಂದ ಮಗಳ ಹಣೆ ಒರೆಸುತ್ತಿದ್ದವಳು ತಲೆಯೆತ್ತಿ, ನನ್ನ ಮಗಳ ಮ್ಯಾಲ ನಿಮ್ಮ ಅಂಗಡಿ ಲೆಕ್ಕ ಹಾಕಬ್ಯಾಡ್ರೀ, ಅಂದಳು. ಚುರುಕ್ ಎಂದಿತು, ಸುಳ್ಳೇಕೆ ಹೇಳಲಿ, ನನಗೇನು ಮಗಳು ಬೇರೆಯವಳೇ, ಇವಳಿಗೆ ಸೀನು ಬಂದರೂ ಮಲ್ಲೇಶನ ಮೆಡಿಕಲ್‌ಗೆ ಹೋಗಿ, ನಿನ್ನ ಹತ್ತಿರ ಇರೋದ್ರಾಗ ಹೊಸಾದು, ಜೋರಿಂದು ಕೊಡಪ್ಪಾ, ಎಂದು ತಂದು ಕುಡಿಸಿದವನು ನಾನು, ಒಂದು ದಿನವೂ ಹಳೆಯದನ್ನು ಮುಟ್ಟಿಸಿಲ್ಲ, ಡಾಕ್ಟರಮ್ಮ ಕೇಳಿದಾಗ ಆ ಸಿರಪ್ಪುಗಳ ಹೆಸರನ್ನೆಲ್ಲ ಗಡಗಡ ಹೇಳಿದೆ, ಅವರು ಒಂದೊಂದು ಹೆಸರಿಗೂ ಆ ತಟ್ಟೆಯ ಒಂದೊಂದು ಬೊಟ್ಟಿನ ಮೇಲೆ ಬೆರಳಿಟ್ಟರು.

ಏನ್ರೀ, ಇಲ್ಲಿ ಬರ್ರಿ, ವಿಜಯಶ್ರೀ ಕರೆಯುತ್ತಿದ್ದಾಳೆ, ದನಿಯಲ್ಲಿ ಸಿಟ್ಟಿಲ್ಲ, ಕೈ ಇಟ್ಟು ನೋಡ್ರಿ, ಬೆವತೈತಿ ಕೂಸು, ಮೈ ತಣ್ಣಗಾಗೈತಿ — ಹೌದು, ಹಣೆ ತಣ್ಣಗಿದೆ, ಕುತ್ತಿಗೆ ಒದ್ದೆ, ಅಂಗಿಯೂ ಒದ್ದೆ, ನವನೀತಾ ಅರೆಗಣ್ಣು ತೆರೆದು, ಅಪ್ಪಾ, ಉಗ್ಗಾಣಿ ಬೇಕು, ಅನ್ನುತ್ತಾಳೆ, ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿಯೂ ಬೇಕಂತೆ, ನಗು ಬರುತ್ತಿದೆ, ಕಣ್ಣೂ ತುಂಬುತ್ತಿದೆ, ತುಂಬಲಿ, ಯಾರು ನೋಡುತ್ತಾರೆ, ಗೆದ್ದೆ ನಾನು, ನನ್ನ ಮಗಳು ಗೆದ್ದಳು, ನರ್ಸ್ ಬಿಟ್ಟುಹೋದ ಟ್ರೇಯಲ್ಲಿ ಆ ಔಷಧದ ಖಾಲಿ ಸೀಸೆ ಇದೆ, ಹೆಬ್ಬೆರಳಷ್ಟು ಗಾತ್ರದ್ದು, ಚೀಟಿ ಕಾಣುವಂತೆ ಹಿಡಿದು ಒಂದು ಫೋಟೊ, ನರೇಂದ್ರನಿಗೆ ಕಳಿಸಿದೆ, ನೋಡಪ್ಪಾ ನಿನ್ನ ಹಳೆ ಮಾಲು, ಇಷ್ಟಕ್ಕೇ ಸಮಾಧಾನವಾಗಲಿಲ್ಲ, ಅಂಗಡಿಯ ಗಿರಾಕಿಗಳ ಗ್ರೂಪಿಗೂ ಹಾಕಿದೆ, ಹೊಸ ಬೀಜ ಬಂದರೆ ಹಾಕುವ ಹಾಗೆ, ನನ್ನ ಮಗಳಿಗೆ ಹತ್ತಿದ್ದು ಇದೇ, ಮಕ್ಕಳಿಗೆ ಜ್ವರ ಬಂದರೆ ಇದನ್ನೇ ಕೇಳಿರಿ, ಎಂದು ಬರೆದೆ. ಫೋನು ಟಿಣ್ ಟಿಣ್ ಅನ್ನುತ್ತಲೇ ಇದೆ, ಹೂವು, ಮುಗಿದ ಕೈ, ಗಟ್ಟುವಿನಿಂದ ಒಬ್ಬರು ನಮ್ಮೂರ ಸೂಜಿ ಡಾಕ್ಟರಿಗೆ ಹೇಳಿ ತರಿಸುತ್ತೇನೆ ಎಂದಿದ್ದಾರೆ, ವಡ್ಡೆಪಲ್ಲಿಯವರು ಮಕ್ತಲ್‌ನಲ್ಲಿ ಸಿಗುತ್ತದೆಯೇ ಎಂದು ಕೇಳಿದ್ದಾರೆ, ಮಲ್ಲೇಶ ಇವತ್ತೇ ಪೆಟ್ಟಿಗೆ ತರಿಸುತ್ತಾನಂತೆ, ನರೇಂದ್ರನ ಮಗನಿಗೆ ಬೆಳಿಗ್ಗೆಯಿಂದ ನೆಗಡಿಯಂತೆ, ಮಾಮಾ, ಸಂಜಿಗೆ ಇದನ್ನ ಹಾಕಿಸ್ತೀನಿ, ನಿಮ್ಮ ಮಾತು ಒಪ್ಪಿದೆ. ಒಪ್ಪಿದನಲ್ಲ, ಎಂದು ವಿಜಯಶ್ರೀಗೆ ಓದಿ ಹೇಳಿದೆ.

ಮತ್ತೆ ಟಿಣ್, ಈಗ ಬಾಲಯ್ಯ, ಬರೆಯುವುದಿಲ್ಲ ಅವನು, ಮಾತಾಡಿ ಕಳಿಸುತ್ತಾನೆ, ಕಿವಿಗಿಟ್ಟುಕೊಂಡೆ, ಸಾವಕಾರ್ರೆ, ಊರಿಗೆಲ್ಲ ಕಳಿಸೀನ್ರಿ, ನೀವು ಹೇಳಿದ್ರ ಮುಗೀತು, ಆ ಹಳೆ ಡಬ್ಬಿ ಕೊಟ್ಟಾಗೂ ಹಿಂಗೇ ಅಲ್ಲೇನ್ರಿ — ಹೌದು, ಹೀಗೇ, ಅವನ ಹೊಲ ಚೊಕ್ಕವಾದದ್ದು ಕೇಳಿ ನಾರ್ವ ಊರಿಗೆ ಊರೇ ಬಂತು, ನಾರ್ವದ ಹಿಂದೆ ನಾರಾಯಣಪೇಟೆ ಕಡೆಯವರು ಬಂದರು, ಲಾರಿಯಲ್ಲಿ ತರಿಸಿದೆ, ಹುಳ ಇದ್ದವರೂ ಹೊಡೆದರು, ಇಲ್ಲದವರೂ ಹೊಡೆದರು, ಎರಡು ಹಂಗಾಮು ಮುಗಿಯುವಷ್ಟರಲ್ಲಿ ಇದೇ ಬಾಲಯ್ಯ ಬಂದು ಒಂದು ಹತ್ತಿಕಾಯಿಯನ್ನು ಕಟ್ಟೆಯ ಮೇಲೆ ಸೀಳಿ ಇಟ್ಟ, ಹುಳ ಹೊರಗೆ ಬಂತು, ಗುಲಾಬಿ ಬಣ್ಣದ್ದು, ಆ ಡಬ್ಬಿಯ ಚೀಟಿಯ ಮೇಲೆಯೇ ಹತ್ತಿ ನಡೆಯಿತು, ನಾನು ನಕ್ಕು ಬೇರೆ ಡಬ್ಬಿ ಇಳಿಸಿದೆ, ಇಳಿಸಲು ಇತ್ತು — ಇದಾದ ಮೇಲೆ ಯಾವುದು ಮೇಡಂ ಎಂದು ಕೇಳಿದ್ದೆನಲ್ಲ, ಡಾಕ್ಟರಮ್ಮ ಏನೆಂದರು, ಕೆನೆ ತಾಗಿದ ಬೊಟ್ಟುಗಳನ್ನೇ ಮತ್ತೆ ತೋರಿಸಿ ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅಳಿಸಬೇಕು, ಎಲ್ಲರಿಗೂ ಅಳಿಸು, ಒತ್ತಿದೆ, ನನ್ನ ಗ್ರೂಪಿನಲ್ಲಿ ಹೋಯಿತು, ಊರಿಗೆಲ್ಲ ಕಳಿಸೀನ್ರಿ ಅಂದನಲ್ಲ ಬಾಲಯ್ಯ, ಅದು ಎಲ್ಲಿ ಅಳಿಯುತ್ತದೆ, ಮಲ್ಲೇಶನ ಪೆಟ್ಟಿಗೆ, ನರೇಂದ್ರನ ಸಂಜೆ, ಅಪ್ಪಾ ಉಗ್ಗಾಣಿ, ತರ್ತೀನಿ ತಾಯಿ, ಈಗ ತರ್ತೀನಿ, ಈ ಜ್ವರ ಮುಂದೆಯೂ ಬರಬಹುದು, ಆಗಲೂ ಇದೇ ಬೇಕಾಗುತ್ತದೆ, ಆಗಲೂ ಇದೇ, ತಟ್ಟೆಯ ಅಂಚಿನಲ್ಲಿ ಒಂದು ಬೊಟ್ಟು, ಸುತ್ತ ಉಂಗುರ, ಒರೆಸಿಟ್ಟಷ್ಟು ಸ್ವಚ್ಛ, ಒಂದು ಬದಿಯಿಂದ ಕೆನೆ ಒಳಗೆ ಬರುತ್ತಿದೆ, ಉಂಗುರ, ಒಂದು ಬದಿಯಿಂದ, ಉಂಗುರ